ಶಾಲೆಯ ಖರ್ಚು ಯಾರ ತೆರಿಗೆಯಿಂದ?

ಮಹಾರಾಷ್ಟ್ರದ ಠಾಣೆ, ಕಲ್ಯಾಣ, ಡೊಂಬಿವಿಲಿಗಳಲ್ಲಿ ನಗರಪಾಲಿಕೆಯ ಶಾಲೆಗಳ ಖರ್ಚು ಪಾಲಿಕೆಯ ಸ್ವಂತ ವರಮಾನವನ್ನೂ ರಾಜ್ಯದ ಅನುದಾನವನ್ನೂ ಅವಲಂಬಿಸಿದ್ದು, ಆ ವರಮಾನದಲ್ಲಿ ಬಹುಕಾಲ ದೊಡ್ಡ ಪಾಲು ಊರೊಳಗೆ ಬರುವ ಸರಕಿನ ಮೇಲಿನ ಸುಂಕವಾದ ಆಕ್ಟ್ರಾಯ್‌ನದಾಗಿತ್ತು. ನವಿ ಮುಂಬಯಿ ಮಾತ್ರ ಸುಂಕದ ಕಟ್ಟೆಗಳಿಲ್ಲದೆ, ವ್ಯಾಪಾರಿಗಳ ಲೆಕ್ಕಪುಸ್ತಕದ ಆಧಾರದ ಮೇಲೆ ಸೆಸ್ ವಸೂಲು ಮಾಡುತ್ತಿತ್ತು. ಅದೇ ಮಾದರಿಯ ಸ್ಥಳೀಯ ಸಂಸ್ಥೆ ತೆರಿಗೆ, ಅಂದರೆ ಎಲ್‌ಬಿಟಿ, 2013ರಲ್ಲಿ ವಿಸ್ತರಣೆಗೊಂಡಾಗ ವ್ಯಾಪಾರಿಗಳು ಅಂಗಡಿ ಮುಚ್ಚಿ ಪ್ರತಿಭಟಿಸಿದರು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಇಂತಹ ತೆರಿಗೆ ವಿಧಿಸುವ ಹಕ್ಕು ಪೂರ್ತಿಯಾಗಿ ಕೈತಪ್ಪಿ, ಪಾಲಿಕೆಗಳು ರಾಜ್ಯದ ಪರಿಹಾರಧನಕ್ಕೆ ಕಾಯಬೇಕಾಯಿತು.

ಆಸ್ತಿ ತೆರಿಗೆಯ ಬಿಲ್ಲಿನಲ್ಲಿ ಶಿಕ್ಷಣ ಕರದ ಸಾಲೊಂದಿರುವುದರಿಂದ ಆ ಹಣ ತಮ್ಮೂರಿನ ಶಾಲೆಗೇ ಹೋಗುತ್ತದೆಂದು ನಾಗರಿಕರು ಭಾವಿಸುವುದು ಸಹಜವಾದರೂ, 1962ರ ಮಹಾರಾಷ್ಟ್ರದ ಕಾಯ್ದೆಯ ಪ್ರಕಾರ ಪಾಲಿಕೆ ವಸೂಲಿಗಾರ ಮಾತ್ರ, ಹಣ ರಾಜ್ಯದ ಬೊಕ್ಕಸಕ್ಕೆ ಸೇರುತ್ತದೆ.

ಸಾರ್ವಜನಿಕರಿಂದ ಬಡ್ಡಿಗೆ ಸಾಲ ಪಡೆಯುವ ಬಾಂಡ್ ಇನ್ನೊಂದು ದಾರಿ. ಬೆಂಗಳೂರು ಪಾಲಿಕೆ 1997ರಲ್ಲಿ 125 ಕೋಟಿ ರೂಪಾಯಿಯನ್ನೂ, ಪುಣೆ 2017ರಲ್ಲಿ ನೀರಿನ ಯೋಜನೆಗಾಗಿ 200 ಕೋಟಿಯನ್ನೂ ಹೀಗೆ ಎತ್ತಿದವು. ಆದರೆ ಸಾಲ ತೀರಿಸಲು ನೀರಿಗೆ ದರವಿದೆ, ಶುಲ್ಕವಿಲ್ಲದ ಶಾಲೆಗೆ ಆದಾಯವಿಲ್ಲ. ಕಟ್ಟಡಕ್ಕೆ ಸಾಲ ಒಪ್ಪಬಹುದಾದರೂ ಶಿಕ್ಷಕರ ಸಂಬಳಕ್ಕೆ ಸಾಲವೆಂಬುದು ಅವಿವೇಕವೇ ಸರಿ. ಡೊಂಬಿವಿಲಿಯ ಮಂಜುನಾಥ ವಿದ್ಯಾಲಯದಂತಹ, ಕನ್ನಡ ಸಂಘಗಳು ಕಟ್ಟಿದ ಶಾಲೆಗಳಿಗಂತೂ ತೆರಿಗೆ, ಬಾಂಡ್ ಎಂಬ ಈ ಎರಡು ದಾರಿಗಳೂ ನೇರವಾಗಿ ತೆರೆದಿಲ್ಲ.