ರಿಸರ್ವ್ ಬ್ಯಾಂಕಿನ ಹುಲಿಯೂ ನಮ್ಮ ಎಂಟಾಣೆಯೂ

ಮನೆಯ ಹಳೆಯ ಡಬ್ಬಿಗಳನ್ನು ತಡಕಾಡಿದರೆ 1985ರ ಎಂಟಾಣೆಯೊಂದು ನಮ್ಮಲ್ಲಿ ಕೆಲವರಿಗಾದರೂ ಸಿಕ್ಕೀತು. ಅದರಲ್ಲಿರುವುದು ತಾಳೆಮರದ ಎದುರು ನಿಂತ ಹುಲಿ. ಭಾರತೀಯ ರಿಸರ್ವ್ ಬ್ಯಾಂಕಿಗೆ ಐವತ್ತು ವರ್ಷ ತುಂಬಿದ ನೆನಪಿಗೆ ಹೊರಬಂದ ನಾಣ್ಯವದು. ಬ್ಯಾಂಕು ಆರಂಭವಾದದ್ದು 1935ರ ಎಪ್ರಿಲ್ 1ರಂದು. ಈಸ್ಟ್ ಇಂಡಿಯಾ ಕಂಪೆನಿಯ ಡಬಲ್ ಮೊಹರಿನಲ್ಲಿದ್ದ ಸಿಂಹ ಮತ್ತು ತಾಳೆಮರವನ್ನು ಲಾಂಛನಕ್ಕೆ ಮಾದರಿಯಾಗಿ ತೆಗೆದುಕೊಂಡರೂ, ಭಾರತಕ್ಕೆ ಹುಲಿಯೇ ಹೆಚ್ಚು ಒಪ್ಪುತ್ತದೆಂದು ಸಿಂಹವನ್ನು ಕೈಬಿಟ್ಟರು. (ಗುಜರಾತಿನ ಗಿರ್ ಕಾಡಿನವರು ಏನೆಂದರೋ!)

ಎಪ್ಪತ್ತೈದು ತುಂಬಿದ 2010ರಲ್ಲಿ 1, 2, 5 ಮತ್ತು 10 ರೂಪಾಯಿಗಳ ಸ್ಮಾರಕ ನಾಣ್ಯಗಳು ಬಳಕೆಗೆ ಬಂದವು. ಜೊತೆಗೆ ಸಂಗ್ರಹಕಾರರಿಗೆಂದು 75 ರೂಪಾಯಿಯದೂ ಇತ್ತು. 2024ರ ಎಪ್ರಿಲ್ 1ರಂದು, ತೊಂಬತ್ತರ ನೆನಪಿಗೆ, ಮುಂಬಯಿಯಲ್ಲಿ ಬಿಡುಗಡೆಯಾದದ್ದು 90 ರೂಪಾಯಿಯ ನಾಣ್ಯ: 40 ಗ್ರಾಂ ಶುದ್ಧ ಬೆಳ್ಳಿ. ಇದರ ಬೆಳ್ಳಿಯ ಬೆಲೆಯೇ ಮುಖಬೆಲೆಯ ಎಷ್ಟೋ ಪಟ್ಟು. ಇದು ಪೆಟ್ಟಿಗೆಯಲ್ಲಿಡುವ ವಸ್ತುವೇ ಹೊರತು ಬಸ್ಸಿನ ಕಂಡಕ್ಟರನಿಗೆ ಕೊಡುವಂಥದ್ದಲ್ಲ. ನಮ್ಮಂಥವರ ಕಿಸೆಗೆ ಬಂದ ಆ ಎಂಟಾಣೆಯೇ ನಮಗೆ ಹೆಚ್ಚು ಪ್ರಿಯ.

ಆದರೆ ಆ ಎಂಟಾಣೆಯನ್ನು ಇಂದು ಅಂಗಡಿಯವರು ಮುಟ್ಟುವುದಿಲ್ಲ. ನಾಲ್ಕಾಣೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳಷ್ಟೇ 2011ರ ಜೂನ್ 30ರಿಂದ ರದ್ದಾದವು. ಎಂಟಾಣೆ ಕಾನೂನಿನ ಪ್ರಕಾರ ಇನ್ನೂ ಸಲ್ಲುವ ಹಣ. ಹತ್ತರ ನಾಣ್ಯಕ್ಕೂ ಇದೇ ಗತಿ ಬಂದಿತ್ತು. ಒಂದೊಂದು ನಾಣ್ಯದಲ್ಲಿ ಒಂದೊಂದು ಚಿತ್ರ ಕಂಡು ಜನ ನಕಲಿಯೆಂದು ಹೆದರಿದರು. ಹದಿನಾಲ್ಕು ವಿನ್ಯಾಸಗಳೂ ಅಸಲಿಯೇ ಎಂದು ಬ್ಯಾಂಕು 2018ರ ಜನವರಿಯಲ್ಲಿ ಪ್ರಕಟಣೆ ಹೊರಡಿಸಬೇಕಾಯಿತು. ಸ್ಮಾರಕ ನಾಣ್ಯ ಹೊರಡಿಸಿದರೆ ಸಾಲದು, ಅದು ನಾಣ್ಯವೇ ಎಂದು ಊರೂರಿಗೆ ತಿಳಿಸಲೂ ಬೇಕು.

ಗಡಿನಾಡಿನವರಾದ ನಮಗೆ ಇನ್ನೊಂದು ಮಾತಿದೆ. ನೋಟಿನ ಹಿಂಬದಿಯ ಹದಿನೈದು ಭಾಷೆಗಳ ಪಟ್ಟಿಯಲ್ಲಿ ಕನ್ನಡ ನಾಲ್ಕನೆಯದು, ಮಲಯಾಳ ಏಳನೆಯದು. ಎರಡೂ ಒಂದೇ ಕಾಗದದಲ್ಲಿ. ನಾಣ್ಯದಲ್ಲಾದರೋ ಹಿಂದಿ ಮತ್ತು ಇಂಗ್ಲಿಷ್ ಮಾತ್ರ. ನಾಣ್ಯ ಟಂಕಿಸುವುದು ಕೇಂದ್ರ ಸರಕಾರ, ಹಂಚುವುದಷ್ಟೇ ಬ್ಯಾಂಕು. ಸ್ಥಳ ಚಿಕ್ಕದೆಂಬುದು ನಿಜ. ಆದರೂ ಕನ್ನಡ ಶಾಲೆಯ ಮಗು ತನ್ನ ಅಕ್ಷರವನ್ನು ಅದರಲ್ಲಿ ಹುಡುಕಿದರೆ ನಾವು ಏನು ಹೇಳೋಣ?

ಈ ಬ್ಯಾಂಕಿನ ಚರಿತ್ರೆಯಲ್ಲಿ ನಮ್ಮ ಕರಾವಳಿಯ ಹೆಸರೂ ಇದೆ. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ರಾಮ ರಾವ್ 1949ರಿಂದ 1957ರ ಜನವರಿ ತನಕ ಗವರ್ನರರಾಗಿದ್ದರು. 1956ರ ನವೆಂಬರ್ 1ರಂದು ಕಾಸರಗೋಡು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ ದಿನ ನಮ್ಮ ಹಿರಿಯರ ಕೈಯಲ್ಲಿದ್ದ ಎಷ್ಟೋ ನೋಟುಗಳಿಗೆ ಅವರದೇ ರುಜು.

2035ರಲ್ಲಿ ಬ್ಯಾಂಕಿಗೆ ನೂರು. ಆಗ ಬೆಳ್ಳಿಯದೂ ಬರಲಿ. ಚಿಲ್ಲರೆಯಾಗಿ ನಮ್ಮ ಕೈಗೆ ಸಿಗುವಂಥದ್ದೂ ಒಂದು ಬರಲಿ.