ಹಾಲು ತಣಿಸುವ ಯಂತ್ರಕ್ಕೆ ತಕ್ಕ ಕೀಲೆಣ್ಣೆ

ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕದೆ ಸಂತೆಗೆ ಹೊರಟವನು ದಾರಿಯಲ್ಲಿ ನಿಲ್ಲಬೇಕಾಗುವುದೆಂಬುದನ್ನು ನಮ್ಮ ರೈತರು ತಲೆತಲಾಂತರದಿಂದ ಬಲ್ಲರು. ಆದರೆ ಈಚೆಗೆ ಗ್ರಾಮಗಳಿಗೆ ಬಂದಿರುವ ಶೀತಲಯಂತ್ರಗಳ ವಿಷಯದಲ್ಲಿ ಎಣ್ಣೆ ಹಾಕಿದರಷ್ಟೇ ಸಾಲದು. ತಕ್ಕ ಎಣ್ಣೆಯನ್ನೇ ಹಾಕಬೇಕು.

ಚಿತ್ರದುರ್ಗ ಜಿಲ್ಲೆಯಲ್ಲಿ ಹಾಲು ಉತ್ಪಾದಕರ ಸಂಘಗಳಿಗೆ ಹಾಲು ತಣಿಸುವ ತೊಟ್ಟಿಗಳೂ, ಹೊಸದುರ್ಗ ಹಿರಿಯೂರು ಕಡೆಯ ದಾಳಿಂಬೆ ಬೆಳೆಗಾರರಿಗೆ ಶೀತಲಗೃಹಗಳೂ ಅವಶ್ಯಕವಾಗಿವೆ. ಕರೆದ ಹಾಲನ್ನು ತಡಮಾಡದೆ 4 ಡಿಗ್ರಿ ಸೆಲ್ಷಿಯಸ್‌ಗೆ ಇಳಿಸದಿದ್ದರೆ ನಮ್ಮ ಬೇಸಗೆಯಲ್ಲಿ ಅದು ಕೆಲವೇ ಗಂಟೆಗಳಲ್ಲಿ ಕೆಡುವುದು.

ಕೆಲವು ವರ್ಷಗಳ ಹಿಂದೆ ನಾನು ತನಿಖೆಗೆ ಹೋಗಿದ್ದ ಒಂದು ಗ್ರಾಮದಲ್ಲಿ ಹಾಲಿನ ತೊಟ್ಟಿಯ ಅನಿಲವು ಸೋರಿತ್ತು. ರಿಪೇರಿಗೆ ಬಂದವನು ಸೋರಿಕೆಯನ್ನು ಮುಚ್ಚಿ, ಬೇರೊಂದು ಹಳೆಯ ಯಂತ್ರಕ್ಕೆ ತಂದು ಉಳಿದಿದ್ದ ಎಣ್ಣೆಯನ್ನು ಇದಕ್ಕೆ ಹಾಕಿದ್ದನು. ಅದೂ ಶೀತಲಯಂತ್ರದ ಎಣ್ಣೆಯೇ ಆದುದರಿಂದ ಯಾರೂ ಸಂಶಯಪಡಲಿಲ್ಲ. ಬರುಬರುತ್ತಾ ಹಾಲು ತಣಿಯುವುದು ತಡವಾಯಿತು. ಕಡೆಗೆ ಒಂದು ಸಂಜೆ ಕಂಪ್ರೆಸರ್ ಬಿಗಿದು ನಿಂತಿತು. ತೊಟ್ಟಿಯ ಹಾಲೆಲ್ಲವೂ ಒಡೆದುಹೋಯಿತು. ಆ ಹಾಲನ್ನು ತಂದವರಲ್ಲಿ ಒಂದೆರಡು ಹಸುಗಳಿಂದಲೇ ಸಂಸಾರ ನಡೆಸತಕ್ಕವರು ಬಹುಮಂದಿ ಇದ್ದರು.

ಇದರ ಕಾರಣವನ್ನು ತಿಳಿಯುವುದು ಕಷ್ಟವಲ್ಲ. ನೀರೆತ್ತುವ ಎಂಜಿನ್ನಿನಲ್ಲಿ ಎಣ್ಣೆಯು ಇದ್ದಲ್ಲಿಯೇ ಇರುವುದು. ಶೀತಲಯಂತ್ರದಲ್ಲಾದರೋ ಸ್ವಲ್ಪ ಎಣ್ಣೆಯು ಅನಿಲದೊಡನೆ ಕೊಳವೆಗಳನ್ನೆಲ್ಲಾ ಸುತ್ತಿ ಕಂಪ್ರೆಸರಿಗೆ ಹಿಂದಿರುಗಬೇಕು. ಅನಿಲದಲ್ಲಿ ಬೆರೆಯದ ಎಣ್ಣೆಯು ತಣ್ಣನೆಯ ಸುರುಳಿಯಲ್ಲಿ ಗಟ್ಟಿಯಾಗಿ ನಿಂತುಬಿಡುವುದು. ಅಲ್ಲಿ ತಂಪು ಕಡಿಮೆಯಾಗುವುದು. ಇತ್ತ ಕಂಪ್ರೆಸರ್ ಎಣ್ಣೆಯಿಲ್ಲದೆ ಸವೆಯುವುದು. ಆದಕಾರಣ ಎಣ್ಣೆಯನ್ನು ಯಂತ್ರದಲ್ಲಿರುವ ಅನಿಲವನ್ನು ನೋಡಿಯೇ ಆರಿಸತಕ್ಕದ್ದು.

ಆರ್-22 ಅನಿಲದ ಹಳೆಯ ಯಂತ್ರಗಳಿಗೆ ಸಾಮಾನ್ಯವಾಗಿ ಖನಿಜತೈಲವು ಸರಿಹೊಂದುವುದು. ಆರ್-134ಎ, ಆರ್-404ಎ ಅನಿಲಗಳಲ್ಲಿ ಖನಿಜತೈಲವು ಬೆರೆಯದು. ಅವುಗಳಿಗೆ ಡಬ್ಬಿಯ ಮೇಲೆ ಪಿ.ಓ.ಇ. ಎಂದು ಗುರುತುಳ್ಳ ಪಾಲಿಯಾಲ್ ಎಸ್ಟರ್ ಎಣ್ಣೆ ಬೇಕು. ದೊಡ್ಡ ಶೀತಲಗೃಹಗಳ ಅಮೋನಿಯ ಯಂತ್ರಗಳಿಗೆ ಅವಕ್ಕೆಂದೇ ತಯಾರಿಸಿದ ಖನಿಜತೈಲವನ್ನು ಉಪಯೋಗಿಸುವುದು ರೂಢಿ. ಅಮೋನಿಯದ ಯಂತ್ರಕ್ಕೆ ಪಿ.ಓ.ಇ. ಎಣ್ಣೆಯನ್ನು ಎಂದಿಗೂ ಹಾಕಕೂಡದು.

1987ರ ಮಾಂಟ್ರಿಯಲ್ ಒಪ್ಪಂದ ಮತ್ತು ಅದರ ತರುವಾಯದ ತಿದ್ದುಪಡಿಗಳ ಮೇರೆಗೆ, ಓಜೋನ್ ಪದರವನ್ನು ಕೆಡಿಸುವ ಆರ್-22ರ ಬಳಕೆಯನ್ನು ಹಂತಹಂತವಾಗಿ ಕಡಿಮೆಮಾಡಲಾಗುತ್ತಿದೆ. ಹಳೆಯ ಯಂತ್ರಕ್ಕೆ ಹೊಸ ಅನಿಲ ತುಂಬಿಸುವಾಗ ಎಣ್ಣೆಯನ್ನೂ ಬದಲಾಯಿಸಬೇಕೇ ಎಂದು ಮೊದಲೇ ವಿಚಾರಿಸಿರಿ.

ಮುಖಂಡರೂ ಜಮೀನುದಾರರೂ ಈ ಅಂಶಗಳನ್ನು ಗಮನದಲ್ಲಿಡಬೇಕು:

1. ಅನಿಲ ಮತ್ತು ಎಣ್ಣೆಯ ಹೆಸರುಗಳನ್ನು ಯಂತ್ರದ ತಗಡಿನಿಂದಲೂ ಕೈಪಿಡಿಯಿಂದಲೂ ತಿಳಿದು ಗೋಡೆಯ ಮೇಲೆ ದೊಡ್ಡದಾಗಿ ಬರೆಯಿಸಿರಿ.

2. ಎಣ್ಣೆಯ ಮಂದತೆಯನ್ನು 32, 46, 68 ಎಂಬ ಅಂಕಿಗಳು ಸೂಚಿಸುವುವು. ಇದನ್ನು 40 ಡಿಗ್ರಿ ಶಾಖದಲ್ಲಿ ಅಳೆಯುವರು. ಬಿಸಿಲು ಹೆಚ್ಚೆಂದು ತಾವೇ ಮಂದವಾದುದನ್ನು ಆರಿಸಬಾರದು. ತಯಾರಕರು ಹೇಳಿದ ಅಂಕಿಯನ್ನೇ ಕೊಳ್ಳಬೇಕು.

3. ಪಿ.ಓ.ಇ. ಎಣ್ಣೆಯು ಗಾಳಿಯ ತೇವವನ್ನು ಬೇಗನೆ ಹೀರುವುದು. ಆ ತೇವದಿಂದ ಯಂತ್ರದಲ್ಲಿ ಆಮ್ಲವುಂಟಾಗಿ ಮೋಟಾರಿನ ಸುರುಳಿಗೆ ಹಾನಿಯಾಗುವುದು. ಸಣ್ಣ ಡಬ್ಬಿಗಳನ್ನೇ ಕೊಳ್ಳಿರಿ. ಕೆಲಸದ ಸಮಯಕ್ಕೇ ತೆರೆಯಿಸಿರಿ. ತೆರೆದಿಟ್ಟು ಉಳಿದುದನ್ನು ಮುಂದಿನ ರಿಪೇರಿಗೆ ಬಳಸಬೇಡಿರಿ.

4. ಗಾಜಿನ ಕಿಂಡಿಯಿದ್ದರೆ ಎಣ್ಣೆಯ ಮಟ್ಟವನ್ನೂ ಬಣ್ಣವನ್ನೂ ಪ್ರತಿದಿನ ನೋಡಿರಿ. ಮಟ್ಟ ಇಳಿದರೆ ಎಣ್ಣೆ ಎಲ್ಲಿಗೆ ಹೋಯಿತೆಂಬುದನ್ನು ಮೊದಲು ಪತ್ತೆಮಾಡಿಸಿ, ಅನಂತರ ತುಂಬಿಸಿರಿ. ಬಣ್ಣ ಕಪ್ಪಾದರೆ ಕೂಡಲೆ ಪರೀಕ್ಷೆ ಮಾಡಿಸಿರಿ.

5. ಅಮೋನಿಯ ಯಂತ್ರದಲ್ಲಿ ಎಣ್ಣೆಯು ಪಾತ್ರೆಗಳ ತಳಕ್ಕೆ ಇಳಿಯುವುದು. ಅದನ್ನು ಹೊರತೆಗೆಯುವ ಕೆಲಸ ಅಪಾಯಕರವಾದುದರಿಂದ ತರಬೇತಿ ಪಡೆದವರೇ ಮುಖಕವಚ ಧರಿಸಿ ಮಾಡತಕ್ಕದ್ದು.

ಒಂದು ಡಬ್ಬಿ ಎಣ್ಣೆಯ ಬೆಲೆಗೂ ಒಂದು ಕಂಪ್ರೆಸರಿನ ಬೆಲೆಗೂ ಇರುವ ಅಂತರವನ್ನು ನಾನು ಹೇಳಬೇಕಾಗಿಲ್ಲ. ಮುಂದಿನ ಸಾರಿ ರಿಪೇರಿಯವನು ಬಂದಾಗ, ಅವನ ಕೈಯಲ್ಲಿರುವ ಡಬ್ಬಿಯ ಹೆಸರನ್ನು ಗೋಡೆಯ ಬರಹದೊಡನೆ ತಾಳೆನೋಡಿ ಅನಂತರ ಕೆಲಸಕ್ಕೆ ಒಪ್ಪಿಗೆ ಕೊಡಿರಿ.