ಮೊದಲು ಗಂಡಸಿನ ಪರೀಕ್ಷೆ, ಆಮೇಲೆ ಐವಿಎಫ್

ಮದುವೆಯಾಗಿ ಎರಡು ವರ್ಷ ಕಳೆದರೂ ಮನೆಯಲ್ಲಿ ತೊಟ್ಟಿಲು ಕಟ್ಟದಿದ್ದರೆ ಕಲಬುರಗಿ ಸೀಮೆಯಲ್ಲಿ ಮಾತು ಕೇಳುವವಳು ಸೊಸೆ. ಶರಣಬಸವೇಶ್ವರರ ಗುಡಿಗೆ, ಬಂದೇನವಾಜ್ ದರ್ಗಾಕ್ಕೆ ಹರಕೆ. ಆಮೇಲೆ ಅವಳೊಬ್ಬಳಿಗೇ ಸ್ಕ್ಯಾನ್. ಆದರೆ ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಗಂಡಸಿನ ದೇಹದಲ್ಲೂ ಕಾರಣವಿರುತ್ತದೆ. ವೀರ್ಯ ಪರೀಕ್ಷೆಗೆ ಸೂಜಿ ಬೇಡ, ಅರಿವಳಿಕೆ ಬೇಡ, ಖರ್ಚೂ ಕಡಿಮೆ. ಅದನ್ನು ಕೊನೆಗೆ ತಳ್ಳುವುದು ಹೆಣ್ಣಿಗೆ ಮಾಡುವ ಅನ್ಯಾಯ.

ವೀರ್ಯಾಣು ತಯಾರಾಗಲು ಮೈಯ ಬಿಸಿಗಿಂತ ಎರಡು ಮೂರು ಡಿಗ್ರಿ ತಂಪು ಬೇಕು. ವೃಷಣಗಳು ದೇಹದ ಹೊರಗೆ ಇರುವುದು ಅದಕ್ಕೇ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮೂರಲ್ಲಿ ಭಟ್ಟಿಯ ಮುಂದೆ ದುಡಿಯುವವರು ಇದನ್ನು ಡಾಕ್ಟರಿಗೆ ಹೇಳಲೇಬೇಕು. ತಂಬಾಕು, ಗುಟ್ಕಾ ಚಟವನ್ನೂ ಮುಚ್ಚಿಡಬಾರದು. ಒಂದು ವೀರ್ಯಾಣು ಬೆಳೆಯಲು ಎರಡೂವರೆ ತಿಂಗಳು ಬೇಕಾಗುವುದರಿಂದ, ಇಂದು ಚಟ ಬಿಟ್ಟರೆ ಅದರ ಫಲ ಮೂರು ತಿಂಗಳ ನಂತರದ ವರದಿಯಲ್ಲಿ ಕಂಡೀತು.

ಎಲ್ಲರಿಗೂ ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಬೇಕಿಲ್ಲ. ಹಲವರಿಗೆ ಮಾತ್ರೆಯೇ ಸಾಕು. ಅಂಡನಾಳ ಮುಚ್ಚಿದ್ದರೆ (ನಮ್ಮಲ್ಲಿ ಕ್ಷಯರೋಗದಿಂದಲೂ ಹೀಗಾಗುತ್ತದೆ) ಅಥವಾ ವೀರ್ಯಾಣು ತೀರಾ ಕಡಿಮೆಯಿದ್ದರೆ ಐವಿಎಫ್‌ನ ಸರದಿ ಬರುತ್ತದೆ.

ಸಾಮಾನ್ಯವಾಗಿ ತಿಂಗಳಿಗೊಂದು ಅಂಡಾಣು ಬಲಿಯುತ್ತದೆ. ಐವಿಎಫ್‌ನಲ್ಲಿ ಮುಟ್ಟಿನ ಎರಡನೇ ಅಥವಾ ಮೂರನೇ ದಿನದಿಂದ ಸುಮಾರು 10–12 ದಿನ ಹಾರ್ಮೋನ್ ಇಂಜೆಕ್ಷನ್ ಕೊಟ್ಟು ಹಲವು ಅಂಡಾಣುಗಳನ್ನು ಒಟ್ಟಿಗೆ ಬೆಳೆಸುತ್ತಾರೆ. ನಡುನಡುವೆ ಸ್ಕ್ಯಾನ್. ಕಮಲಾಪುರದಿಂದ ಬರುವ ದಂಪತಿಗೆ ಇದು ಪದೇ ಪದೇ ಬಸ್ ಹತ್ತುವ ಕೆಲಸ. ಈ ಔಷಧಿಗಳಲ್ಲಿ ಹಲವನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು. ಮೇ ತಿಂಗಳ ಬಿಸಿಲಲ್ಲಿ ಊರಿಗೆ ಒಯ್ಯುವಾಗ ಐಸ್ ಇಟ್ಟ ಡಬ್ಬಿ ಬೇಕು, ಕರೆಂಟ್ ಹೋದರೆ ಏನು ಮಾಡಬೇಕೆಂದು ಮೊದಲೇ ಕೇಳಿಕೊಂಡಿರಬೇಕು.

ಕೊನೆಯ ಇಂಜೆಕ್ಷನ್‌ಗೆ ಗಳಿಗೆ ತಪ್ಪುವಂತಿಲ್ಲ. ಅದಾದ 34–36 ಗಂಟೆಗೆ ಅರಿವಳಿಕೆ ಕೊಟ್ಟು, ಸ್ಕ್ಯಾನ್ ನೋಡುತ್ತಾ, ಯೋನಿಯ ಮೂಲಕ ತೆಳು ಸೂಜಿ ಹಾಯಿಸಿ ಅಂಡಾಣುಗಳನ್ನು ಹೀರಿ ತೆಗೆಯುತ್ತಾರೆ. ತಡವಾದರೆ ಅವು ಅಂಡಾಶಯದಿಂದ ಬಿಡುಗಡೆಯಾಗಿ ಕೈತಪ್ಪುತ್ತವೆ. ತೆಗೆದ ಅಂಡಾಣುಗಳನ್ನು ಲ್ಯಾಬಿನಲ್ಲಿ ವೀರ್ಯಾಣುಗಳ ಜೊತೆ ಬಿಡುತ್ತಾರೆ. ವೀರ್ಯಾಣು ದುರ್ಬಲವಾಗಿದ್ದರೆ ಒಂದನ್ನೇ ಆರಿಸಿ ನೇರವಾಗಿ ಅಂಡಾಣುವಿನೊಳಗೆ ಚುಚ್ಚುತ್ತಾರೆ. ಮೂರು ಅಥವಾ ಐದು ದಿನ ಬೆಳೆದ ಭ್ರೂಣವನ್ನು ಸಣ್ಣ ನಳಿಕೆಯಿಂದ ಗರ್ಭಕೋಶಕ್ಕೆ ಬಿಟ್ಟು, ಎರಡು ವಾರಕ್ಕೆ ರಕ್ತ ಪರೀಕ್ಷೆ. ಉಳಿದ ಭ್ರೂಣಗಳನ್ನು ಶೈತ್ಯೀಕರಿಸಿ ಇಡಬಹುದು.

ಈ ಶೈತ್ಯೀಕರಣದ ಹಿಂದೆ ಒಂದು ಸಂಕಟದ ಕಥೆಯಿದೆ. ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಇಂಗ್ಲೆಂಡಿನಲ್ಲಿ ಹುಟ್ಟಿದ್ದು 1978ರ ಜುಲೈ 25ರಂದು. ಅದೇ ವರ್ಷ ಅಕ್ಟೋಬರ್ 3ರಂದು ಕೋಲ್ಕತ್ತದ ಡಾ. ಸುಭಾಷ್ ಮುಖರ್ಜಿ ಅವರ ಚಿಕಿತ್ಸೆಯಿಂದ, ಶೈತ್ಯೀಕರಿಸಿದ ಭ್ರೂಣದಿಂದ ಹೆಣ್ಣುಮಗು ಹುಟ್ಟಿತು. ಸರ್ಕಾರ ನಂಬಲಿಲ್ಲ. ನೊಂದ ಅವರು 1981ರಲ್ಲಿ ಪ್ರಾಣ ಕಳೆದುಕೊಂಡರು. ಮನ್ನಣೆ ಸಿಕ್ಕಿದ್ದು ಸತ್ತ ಮೇಲೆ.

ಇನ್ನು ವಯಸ್ಸಿನ ವಿಷಯ. ಹುಡುಗಿ ಹುಟ್ಟುವ ಮೊದಲೇ ಅವಳ ಅಂಡಾಣುಗಳೆಲ್ಲ ರೂಪುಗೊಂಡಿರುತ್ತವೆ. ಅವಳೊಂದಿಗೇ ಅವಕ್ಕೂ ವಯಸ್ಸಾಗುತ್ತದೆ. ಹಾಗಾಗಿ 35ರ ಒಳಗೆ ಐವಿಎಫ್‌ನ ಒಂದು ಸುತ್ತಿನಲ್ಲಿ ಮಗುವಾಗುವ ಸಾಧ್ಯತೆ ಸುಮಾರು ಮೂರರಲ್ಲಿ ಒಂದಿದ್ದರೆ, 40 ದಾಟಿದ ಮೇಲೆ ಹತ್ತರಲ್ಲಿ ಒಂದರ ಆಸುಪಾಸಿಗೆ ಇಳಿಯುತ್ತದೆ. ಖಚಿತವಾಗಿ ಮಗು ಕೊಡುತ್ತೇವೆ ಎನ್ನುವ ಜಾಹೀರಾತನ್ನು ನಂಬಿ ಹೊಲ ಅಡವಿಡಬೇಡಿ.

ಇಂಥ ಚಿಕಿತ್ಸೆ ಕುರಿತ 2021ರ ಕಾಯ್ದೆಯಂತೆ ಹೆಣ್ಣಿಗೆ 50, ಗಂಡಿಗೆ 55 ವರ್ಷದ ಮಿತಿಯಿದೆ. ಕೇಂದ್ರಗಳು ನೋಂದಣಿ ಮಾಡಿಸಿರಲೇಬೇಕು. ಗಂಡೋ ಹೆಣ್ಣೋ ಆರಿಸುವುದು ಅಪರಾಧ. ಕಲಬುರಗಿಯ ಕೇಂದ್ರಕ್ಕೇ ಹೋಗಿ, ಹೈದರಾಬಾದಿಗೇ ಹೋಗಿ, ನೋಂದಣಿ ಪತ್ರ ತೋರಿಸಿ ಎಂದು ಕೇಳಿ. ಮತ್ತು ಮೊದಲ ದಿನವೇ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಹೋಗಿ, ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಿ.